ನಾನು ಸುಳ್ಳು ತುಂಬಿದ ನಮೂನೆ, ನೀವು ಮುಚ್ಚಿದ ಕಡತ

ಮಕ್ಕಳ ಬೆಳವಣಿಗೆ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ, ಹದಿನಾಲ್ಕು ತಿಂಗಳ ಹಿಂದೆ ನಿಮ್ಮ ಕಚೇರಿ ಒಬ್ಬ ಹುಡುಗಿಯ ಕಡತವನ್ನು ಮುಚ್ಚಿತು. ಅವಳಿಗೆ ಆಗ ಎಂಟು ವರ್ಷ. ಅವಳಿಗೆ ಏನೂ ಇಲ್ಲ, ಇರುವುದೆಲ್ಲ ತಾಯಿಯ ಆತಂಕ ಎಂಬ ತೀರ್ಮಾನಕ್ಕೆ ನೀವು ಬಂದದ್ದು ಶಾಲೆಯಿಂದ ಬಂದ ಒಂದು ನಮೂನೆಯನ್ನು ನಂಬಿ. ಆ ನಮೂನೆಯನ್ನು ತುಂಬಿದವಳು ನಾನು. ಅದರಲ್ಲಿದ್ದದ್ದು ಸುಳ್ಳು. ಹಾಗೆಂದು ನಾಲ್ಕು ತಿಂಗಳಿಂದ ನಿಮ್ಮ ಕಚೇರಿಗೆ ಹೇಳುತ್ತಲೇ ಇದ್ದೇನೆ. ಸುಳ್ಳನ್ನು ಒಂದೇ ದಿನದಲ್ಲಿ ಪಡೆದು ಮೊಹರು ಹಾಕಿದ ನಿಮ್ಮಲ್ಲಿ ನಿಜವನ್ನು ತೆಗೆದುಕೊಳ್ಳುವ ಕಿಟಕಿಯೇ ಇಲ್ಲ. ಆದ್ದರಿಂದ ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದರಿಂದ ನಿಮಗೆ ಮುಜುಗರವಾದರೆ, ನನಗೆ ಆಗಿರುವುದು ಅದಕ್ಕಿಂತ ಹೆಚ್ಚು ಎಂದು ಸಮಾಧಾನ ಮಾಡಿಕೊಳ್ಳಿ.

ಹುಡುಗಿಯ ತಾಯಿ ಕನ್ನಡಕದ ಅಂಗಡಿಯಲ್ಲಿ ಗಾಜನ್ನು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಮಾಡುತ್ತಾರೆ. ಕೂದಲೆಳೆಯಷ್ಟು ಆಚೀಚೆಯಾದರೂ ಗಿರಾಕಿಗೆ ತಲೆನೋವು ಶುರುವಾಗುತ್ತದಂತೆ. ಅಂದಾಜಿನ ಮೇಲೆ ಮಾತಾಡುವ ಹೆಂಗಸಲ್ಲ ಅವರು. ನನ್ನ ಬಳಿ ಮೂರು ಸಲ ಬಂದರು. ಮೂರನೆಯ ಸಲ ಒಂದು ನೋಟ್‌ಬುಕ್ ಹಿಡಿದು ಬಂದರು. ಮಗಳು ಯಾವ ದಿನ ಎಷ್ಟು ಹೊತ್ತು ಅತ್ತಳು, ಅದಕ್ಕೆ ಮೊದಲು ಏನಾಗಿತ್ತು ಎಂಬುದನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದರು.

"ಟೀಚರ್, ಮನೆಗೆ ಬಂದ ತಕ್ಷಣ ಯೂನಿಫಾರ್ಮ್ ಕಿತ್ತೆಸೀತಾಳೆ. ಮಂಚದ ಕೆಳಗೆ ನುಗ್ಗಿ ಒಂದೊಂದು ಗಂಟೆ ಕಿರುಚ್ತಾಳೆ. ಕೈ ಕಚ್ಕೋತಾಳೆ, ನೋಡಿ ಈ ಗುರುತು. ಇಲ್ಲಿ ಏನಾದ್ರೂ ಆಗ್ತಿದೆಯಾ?"

"ಇಲ್ಲೇನಾಗುತ್ತೆ ಅಮ್ಮ? ಚಿನ್ನದಂಥ ಮಗು. ಇದ್ದಾಳೋ ಇಲ್ವೋ ಅಂತ್ಲೇ ಗೊತ್ತಾಗಲ್ಲ. ಮನೇಲಿ ಮುದ್ದು ಸ್ವಲ್ಪ ಜಾಸ್ತಿ ಆಯ್ತೇನೋ."

ನೋಟ್‌ಬುಕ್ಕನ್ನು ನಾನು ತೆರೆಯಲಿಲ್ಲ. ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ ಎಂದದ್ದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದವಳು ನಾನು. ನಲವತ್ತಾರು ಮಕ್ಕಳ ತರಗತಿಯಲ್ಲಿ ಸದ್ದು ಮಾಡದ ಮಗು ಎಷ್ಟು ದೊಡ್ಡ ವರ ಎಂಬುದು ನಿಮಗೆ ಗೊತ್ತಿರಲಾರದು. ನಿಮ್ಮ ಕೋಣೆಯಲ್ಲಿ ನೀವೊಬ್ಬರೇ ಇರುತ್ತೀರಿ. ಸ್ಟಾಫ್ ರೂಮಿನಲ್ಲಿ ನಾವು ಅವಳನ್ನು 'ಗೊಂಬೆ' ಎಂದು ಕರೆಯುತ್ತಿದ್ದೆವು. ಪ್ರೀತಿಯಿಂದಲೇ ಕರೆಯುತ್ತಿದ್ದೆವು, ನಂಬಿ.

ತಾಯಿ ನಿಮ್ಮಲ್ಲಿಗೆ ಬಂದರು, ಆಮೇಲೆ ಶಾಲೆಗೆ ನಿಮ್ಮ ನಮೂನೆ ಬಂತು. ನಲವತ್ತೆರಡು ಪ್ರಶ್ನೆಗಳು, ಪ್ರತಿಯೊಂದಕ್ಕೂ 'ಹೌದು', 'ಇಲ್ಲ' ಎಂಬ ಎರಡು ಚೌಕ. ಯಾವ ಪುಣ್ಯಾತ್ಮ ಅದನ್ನು ರಚಿಸಿದನೋ ತಿಳಿಯದು. ಎಲ್ಲಾದರೂ 'ಹೌದು' ಎಂದರೆ ಪ್ರತ್ಯೇಕ ಹಾಳೆಯಲ್ಲಿ ದಿನಾಂಕ, ಸಂದರ್ಭ, ಸಾಕ್ಷಿಗಳ ಸಮೇತ ವಿವರಣೆ ಬರೆಯಬೇಕು. 'ಇಲ್ಲ' ಎಂದರೆ ಏನೂ ಬರೆಯಬೇಕಿಲ್ಲ. ಮಗುವಿಗೆ ತೊಂದರೆ ಇದೆ ಎನ್ನಲು ಪುರಾವೆ ಬೇಕು, ಇಲ್ಲ ಎನ್ನಲು ಪೆನ್ನು ಸಾಕು. ಬಿಡುವಿನ ವೇಳೆ, ಒಂದು ಕೈಯಲ್ಲಿ ಟೀ ಲೋಟ. ಪಕ್ಕದಲ್ಲಿದ್ದ ನಮ್ಮ ಮುಖ್ಯೋಪಾಧ್ಯಾಯಿನಿ ಹೇಳಿದರು: "ಸುಮ್ನೆ ಎಲ್ಲಾದಕ್ಕೂ ಇಲ್ಲ ಅಂತ ಹಾಕ್ಬಿಡಿ. ಹೌದು ಅಂದ್ರೆ ನಿಮ್ಮ ಭಾನುವಾರ ಹೋಯ್ತು ಅಂತ್ಲೇ ಲೆಕ್ಕ." ಅವರನ್ನು ದೂರಲಾರೆ, ಪೆನ್ನು ನನ್ನ ಕೈಯಲ್ಲೇ ಇತ್ತು. ಟೀ ಆರುವ ಮೊದಲೇ ನಲವತ್ತೆರಡು 'ಇಲ್ಲ' ಹಾಕಿ ಸಹಿ ಮಾಡಿದೆ. 'ಜೋರು ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆಯೇ?' ಇಲ್ಲ. 'ಜೊತೆಯ ಮಕ್ಕಳೊಡನೆ ಬೆರೆಯಲು ಕಷ್ಟಪಡುತ್ತಾಳೆಯೇ?' ಇಲ್ಲ. ನನಗೇನು ಗೊತ್ತಿತ್ತು? ಗೊತ್ತಿಲ್ಲ ಎನ್ನಲು ನಿಮ್ಮ ನಮೂನೆಯಲ್ಲಿ ಚೌಕವಿರಲಿಲ್ಲ.

ತಾಯಿಯ ನಮೂನೆಯಲ್ಲಿ ಮೂವತ್ತೊಂದು 'ಹೌದು' ಇದ್ದವಂತೆ. ಪ್ರತಿಯೊಂದಕ್ಕೂ ಹಾಳೆ ಲಗತ್ತಿಸಿದ್ದರಂತೆ. ನಿಮ್ಮ ತಪಾಸಕರು ಹುಡುಗಿಯನ್ನು ಹನ್ನೊಂದು ನಿಮಿಷ ನೋಡಿದರು. ಕನ್ನಡಕದ ಅಂಗಡಿಯಲ್ಲಿ ಒಂದು ಕಣ್ಣಿನ ಪರೀಕ್ಷೆಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು ಎಂದು ಆ ತಾಯಿ ಆಮೇಲೆ ನನಗೆ ಹೇಳಿದರು. ಮುಖ ನೋಡಿ ಮಾತಾಡ್ತಾಳೆ, ಹೆಸರು ಕೇಳಿದರೆ ಹೇಳ್ತಾಳೆ, ನಗ್ತಾಳೆ, ಮತ್ತೇನು ಬೇಕು ಎಂದರಂತೆ ತಪಾಸಕರು. ಎರಡು ವಾರದಲ್ಲಿ ಪತ್ರ ಬಂತು. ಅದು ನನ್ನ ಬಳಿ ಇದೆ: 'ಮನೆಯ ವರದಿಗೂ ಶಾಲೆಯ ವರದಿಗೂ ತಾಳೆ ಇಲ್ಲದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ. ಮಗುವಿನ ಹಠಕ್ಕೆ ಗಮನ ಕೊಡದಿರುವಂತೆ ಪೋಷಕರಿಗೆ ಸಲಹೆ ನೀಡಲಾಗಿದೆ.'

ತಾಳೆ ಇಲ್ಲದ ಕಾರಣ! ಒಂದೇ ಮಗು ಒಂದು ಕಡೆ ಕಲ್ಲಿನಂತೆ ಕೂತು, ಇನ್ನೊಂದು ಕಡೆ ಮೈ ಪರಚಿಕೊಂಡು ಕಿರುಚುತ್ತದೆ ಎಂದರೆ, ಮೊದಲ ಕಡೆ ಅದಕ್ಕೇನಾಗುತ್ತಿದೆ ಎಂಬ ಅನುಮಾನ ಬರಬೇಡವೇ? ನಿಮ್ಮಲ್ಲಿ ಯಾರಿಗೂ ಬರಲಿಲ್ಲ. ನನಗೂ ಬರಲಿಲ್ಲ, ಆದರೆ ಅನುಮಾನಪಡುವುದಕ್ಕೇ ಸಂಬಳ ಪಡೆಯುವವರು ನೀವು. ಅದೇ ವರ್ಷ ನನ್ನ ತರಗತಿಯ ಇನ್ನೊಬ್ಬ ಹುಡುಗನ ನಮೂನೆಯನ್ನೂ ತುಂಬಿದ್ದೆ. ಬೆಂಚಿನ ಮೇಲೆ ಹತ್ತುತ್ತಿದ್ದ, ಕಿಟಕಿಯಿಂದ ಹೊರಗೆ ಜಿಗಿಯುತ್ತಿದ್ದ, ಡಸ್ಟರನ್ನು ಫ್ಯಾನಿಗೆ ಎಸೆಯುತ್ತಿದ್ದ. ಅವನಿಗಾಗಿ ಭಾನುವಾರವೆಲ್ಲ ಕೂತು ಹತ್ತೊಂಬತ್ತು ಹಾಳೆ ಬರೆದೆ. ಮೂರೇ ವಾರದಲ್ಲಿ ನಿಮ್ಮಿಂದ ಪ್ರಮಾಣಪತ್ರ ಬಂತು, ಸಹಾಯಕ ಶಿಕ್ಷಕರೂ ಬಂದರು. ಅವನಿಗೆ ಸಿಕ್ಕಿದ್ದು ಸರಿಯೇ, ಒಂದು ಮಾತಿಲ್ಲ. ಆದರೆ ನಮಗೆ ತೊಂದರೆ ಕೊಡುವ ಮಗುವನ್ನು ಎಷ್ಟು ಬೇಗ ಗುರುತಿಸುತ್ತೇವೆ ನೋಡಿ. ತೊಂದರೆಯನ್ನೆಲ್ಲ ತಾನೇ ನುಂಗಿಕೊಳ್ಳುವ ಮಗುವಿಗೆ ಮಾತ್ರ 'ಶಿಸ್ತು: ಅತ್ಯುತ್ತಮ' ಎಂದು ಬರೆದು ಕಳಿಸುತ್ತೇವೆ.

ಈಗ ಆರು ತಿಂಗಳ ಹಿಂದಿನ ಒಂದು ಮಧ್ಯಾಹ್ನದ ವಿಷಯ ಹೇಳಬೇಕು. ಇದನ್ನು ಬರೆಯಲು ನಾಲ್ಕು ಸಲ ಕೂತು ನಾಲ್ಕು ಸಲ ಎದ್ದಿದ್ದೇನೆ.

ಹುಡುಗಿ ಆಗಲೇ ನಾಲ್ಕನೇ ತರಗತಿಗೆ ಬಂದಿದ್ದಳು. ನಮ್ಮಲ್ಲಿ ಮೂರು ಮತ್ತು ನಾಲ್ಕಕ್ಕೆ ಒಬ್ಬರೇ ಟೀಚರ್, ಹಾಗಾಗಿ ನನ್ನ ಬಳಿಯೇ ಇದ್ದಳು. ಆ ವಾರ ಶಾಲೆಗೆ ಹೊಸ ಕರೆಂಟಿನ ಬೆಲ್ ಬಂದಿತ್ತು. ಬಾರಿಸಿದರೆ ಎದೆ ಧಸಕ್ಕೆನ್ನುವಂಥ ಸದ್ದು, ನಾವೇ ಬೆಚ್ಚಿಬೀಳುತ್ತಿದ್ದೆವು. ಊಟದ ಬಿಡುವು ಮುಗಿದು ಮಕ್ಕಳೆಲ್ಲ ಒಳಗೆ ಬಂದರು. ನಾನು ಮಧ್ಯಾಹ್ನದ ಹಾಜರಿ ಹಾಕಿದೆ. ಹೆಸರು ಕೂಗಲಿಲ್ಲ, ತಲೆ ಎತ್ತಿ ನೋಡಲೂ ಇಲ್ಲ. ಅವಳ ಹೆಸರಿನ ಮುಂದೆ ಹಾಜರಿ ಬಿತ್ತು. ಅವಳು ಎಲ್ಲಿ ಹೋಗುತ್ತಾಳೆ, ಇದ್ದೇ ಇರುತ್ತಾಳೆ ಎಂಬ ಧೈರ್ಯ.

ಶಾಲೆ ಬಿಟ್ಟ ಮೇಲೆ ಗೇಟಿನ ಬಳಿ ನಿಂತಿದ್ದ ತಾಯಿ ಕೊನೆಯ ಮಗು ಹೋಗುವವರೆಗೂ ಕಾದು ಒಳಗೆ ಬಂದರು. "ಟೀಚರ್, ಇವಳೆಲ್ಲಿ?" ನಾನು ಅವಳ ಬೆಂಚಿನ ಕಡೆ ತಿರುಗಿದೆ. ಚೀಲ ಅಲ್ಲೇ ಇತ್ತು. ಪಕ್ಕದಲ್ಲಿ ಕೂರುವ ಹುಡುಗಿಯನ್ನು ರಸ್ತೆಯಿಂದ ವಾಪಸ್ಸು ಕರೆಸಿ ಕೇಳಿದರೆ, "ಊಟ ಆದ್ಮೇಲೆ ಅವಳು ಬರ್ಲೇ ಇಲ್ಲ ಮಿಸ್" ಎಂದಳು. "ಹೇಳೋದಲ್ವೇನೇ?" "ನೀವು ಹಾಜರಿ ಹಾಕಿದ್ರಲ್ಲ ಮಿಸ್..."

ಶೌಚಾಲಯ, ಮೆಟ್ಟಿಲ ಕೆಳಗೆ, ನೀರಿನ ತೊಟ್ಟಿ, ಪಕ್ಕದ ಕಟ್ಟಡದ ಕೆಲಸ ನಡೆಯುವ ಜಾಗ, ಬಸ್ ನಿಲ್ದಾಣ, ಎಲ್ಲವನ್ನೂ ಹುಡುಕಿದೆವು. ತೊಟ್ಟಿಯ ಮುಚ್ಚಳ ತೆಗೆಯುವಾಗ ತಾಯಿ ನನ್ನ ತೋಳು ಹಿಡಿದುಕೊಂಡಿದ್ದರು. ಆ ಹಿಡಿತ ಈಗಲೂ ನನಗೆ ಗೊತ್ತಾಗುತ್ತದೆ. ಕೊನೆಗೆ ಯಾರೋ ನಮ್ಮ ಆಯಮ್ಮನಿಗೆ ಫೋನ್ ಮಾಡಿ ಎಂದರು. ಶಾಲೆ ಗುಡಿಸುವವರು ಅವರು, ಆ ದಿನ ರಜೆಯಲ್ಲಿದ್ದರು. ನನ್ನ ಮಾತು ಮುಗಿಯುವ ಮೊದಲೇ ಕೇಳಿದರು: "ಸ್ಟೋರ್ ರೂಮ್ ನೋಡಿದ್ರಾ ಟೀಚರ್?"

ಸ್ಟೋರ್ ರೂಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಆಯಮ್ಮ ಬಂದಿಲ್ಲ, ಬಾಗಿಲು ಸುಮ್ಮನೆ ತೆರೆದಿದೆ ಎಂದು ಕಾವಲುಗಾರ ಮಧ್ಯಾಹ್ನವೇ ಹಾಕಿಕೊಂಡು ಹೋಗಿದ್ದ. ತೆಗೆದರೆ, ಪೊರಕೆ, ಬಕೆಟ್ಟುಗಳ ಹಿಂದೆ, ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ಎರಡೂವರೆ ಗಂಟೆ ಆ ಕತ್ತಲಲ್ಲಿ ನಿಂತಿದ್ದಳು. ಬಟ್ಟೆ ಒದ್ದೆಯಾಗಿತ್ತು. ಕಿವಿಯ ಮೇಲೆ ಕೈ ಇತ್ತು. ಬಾಗಿಲು ಬಡಿದಿರಲಿಲ್ಲ, ಕೂಗಿರಲಿಲ್ಲ. ನನ್ನನ್ನು ಕಂಡೊಡನೆ ಕೈ ಕೆಳಗಿಳಿಸಿ, ನೆಟ್ಟಗೆ ನಿಂತು, ನಗಲು ಪ್ರಯತ್ನಪಟ್ಟಳು. "ನಾನು ಗಲಾಟೆ ಮಾಡ್ಲಿಲ್ಲ ಮಿಸ್" ಎಂದಳು.

ಮಾನ್ಯರೇ, ಬೇಕಾದರೆ ಇಲ್ಲಿ ಸ್ವಲ್ಪ ನಿಲ್ಲಿಸಿ ನೀರು ಕುಡಿಯಿರಿ. ನಾನು ಕುಡಿದು ಬಂದೆ.

ಮರುದಿನ ಆಯಮ್ಮನನ್ನು ಕೂರಿಸಿಕೊಂಡು ಕೇಳಿದೆ. ಅವರು ಕೂರಲು ಒಪ್ಪಲಿಲ್ಲ, ನಿಂತೇ ಹೇಳಿದರು. "ದಿನಾ ಬರ್ತಾಳೆ. ಊಟದ ಹೊತ್ತಲ್ಲಿ ಅಷ್ಟೊಂದು ಮಕ್ಕಳು ಒಟ್ಟಿಗೆ ಕಿರುಚ್ತಾವಲ್ಲ, ಅವಳಿಗೆ ಆಗಲ್ಲ. ಒಂದು ಮೂಲೇಲಿ ನಿಂತು ಕಿವಿ ಮುಚ್ಕೋತಾಳೆ. ನಾನೂ ಮಾತಾಡ್ಸಲ್ಲ. ಬೆಲ್ ಆದ್ಮೇಲೆ ಭುಜ ತಟ್ಟಿ ಕಳಿಸ್ತೀನಿ. ಇನ್ನೊಂದು ನೋಡಿದೀರಾ ಟೀಚರ್? ಎಲ್ಲರೂ ನಕ್ಕಾಗ ಅವಳು ಒಂದು ಚೂರು ತಡವಾಗಿ ನಗ್ತಾಳೆ. ಪಕ್ಕದವಳ ಮುಖ ನೋಡ್ಕೊಂಡು ನಗ್ತಾಳೆ. ಪೆನ್ಸಿಲ್ ಹಿಡಿಯೋದೂ ಅವಳ ಥರಾನೇ. ಪಾಪ, ಎಷ್ಟು ಸುಸ್ತಾಗ್ತದೋ."

"ಒಂದು ಮಾತು ನನಗೆ ಹೇಳಬಾರ್ದಿತ್ತಾ?"

"ನೀವು ಕೇಳ್ಲಿಲ್ವಲ್ಲ" ಎಂದರು. ಚುಚ್ಚಿ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು, ಅಷ್ಟೆ.

ಆ ಸಂಜೆ ಕನ್ನಡಕದ ಅಂಗಡಿಗೆ ಹೋದೆ. ತಾಯಿ ಹಿಂದಿನ ಕೋಣೆಯಲ್ಲಿ ಉಜ್ಜುವ ಯಂತ್ರದ ಮುಂದೆ ಕೂತಿದ್ದರು. ತಪ್ಪಾಯಿತು ಎಂದೆ. ಅವರು ಯಂತ್ರ ನಿಲ್ಲಿಸಿ, ಕೈಯಲ್ಲಿದ್ದ ಗಾಜನ್ನು ಬಟ್ಟೆಯಲ್ಲಿ ಒರೆಸಿ ಇಟ್ಟರು. "ನನಗೆ ನಿಮ್ಮ ಮೇಲೆ ಸಿಟ್ಟಿಗಿಂತ ನನ್ನ ಮೇಲೇ ಸಿಟ್ಟು ಟೀಚರ್. ನನ್ನ ಮಗಳನ್ನ ಬಿಟ್ಟು ನಿಮ್ಮ ಕಾಗದ ನಂಬಿದೆ. ಗಮನ ಕೊಡ್ಬೇಡಿ ಅಂತ ಕಚೇರಿಯವ್ರು ಅಂದಿದ್ರಲ್ಲ, ಎಂಟು ತಿಂಗಳು ಗಮನ ಕೊಡ್ಲಿಲ್ಲ. ಅವಳು ಕಿರುಚೋವಾಗ ರೂಮಿನ ಬಾಗಿಲು ಹಾಕಿ ಹೊರಗೆ ಕೂರ್ತಿದ್ದೆ. ಒಳಗಿಂದ ಅಮ್ಮ ಅಮ್ಮ ಅಂತಿದ್ಲು. ಕಿವಿಗೆ ಬಟ್ಟೆ ಒತ್ಕೊಂಡು ಕೂತೆ. ಆಮೇಲಾಮೇಲೆ ಕರೆಯೋದೇ ಬಿಟ್ಲು. ಸರಿ ಹೋಯ್ತು ಅಂತ ಅಂದ್ಕೊಂಡೆ."

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ಆ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಆ ಸಲಹೆ ನಿಮ್ಮ ಕಚೇರಿಯದು.

ತಾಯಿ, ನಾನು ಇಬ್ಬರೂ ಸೇರಿ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ವೈದ್ಯೆಯೊಬ್ಬರನ್ನು ಹುಡುಕಿದೆವು. ವಯಸ್ಸಾದ ಹೆಂಗಸು, ನಿಧಾನದ ಮಾತು. ಎರಡು ಪೂರ್ತಿ ಬೆಳಗು ಆ ಹುಡುಗಿಯೊಡನೆ ನೆಲದ ಮೇಲೆ ಕೂತರು. ತಾಯಿಯ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರು. ನನ್ನನ್ನು ವಿಚಾರಿಸಿದರು, ಆಮೇಲೆ ಕೇಳಿದರು: "ಶಾಲೇಲಿ ಇವಳನ್ನ ಚೆನ್ನಾಗಿ ಬಲ್ಲವರು ಯಾರು?" ಆಯಮ್ಮನಿಗೆ ಫೋನ್ ಹಚ್ಚಿಕೊಟ್ಟೆ. ಮುಕ್ಕಾಲು ಗಂಟೆ ಮಾತಾಡಿದರು. ನಂತರ ಆಟಿಸಂ ಎಂದು ಹೇಳಿದರು. "ಇದು ವಾಸಿ ಮಾಡೋ ಕಾಯಿಲೆ ಅಲ್ಲ. ಇವಳ ಮೆದುಳು ಬೆಳೆದಿರೋ ರೀತಿಯೇ ಹೀಗೆ. ಯಾರ ಮುದ್ದಿನಿಂದಲೂ ಬಂದಿದ್ದಲ್ಲ, ಯಾರ ಬೈಗುಳದಿಂದ್ಲೂ ಹೋಗಲ್ಲ. ಬೇರೆ ಮಕ್ಕಳನ್ನ ನೋಡಿ ನೋಡಿ ಅವರ ಹಾಗೆ ಇರೋದನ್ನ ಕಲಿತಿದ್ದಾಳೆ. ಹೆಣ್ಣುಮಕ್ಕಳಲ್ಲಿ ಇದು ಎಷ್ಟೋ ಸಲ ತಡವಾಗಿ ಗೊತ್ತಾಗುತ್ತೆ. ದಿನವಿಡೀ ಹಾಗೆ ನಟಿಸಿ ಮನೆಗೆ ಬಂದ್ರೆ ಉಳಿಯೋದೇನು? ಮನೇಲಿ ಒಂದು ಥರ, ಶಾಲೇಲಿ ಒಂದು ಥರ ಅಂದ್ರಲ್ಲ, ನನಗೆ ಸಿಕ್ಕ ಮೊದಲ ಸುಳಿವೇ ಅದು." ಯಾವುದಕ್ಕಾಗಿ ನೀವು ಕಡತ ಮುಚ್ಚಿದಿರೋ ಅಲ್ಲಿಂದಲೇ ಅವರು ಶುರುಮಾಡಿದರು.

ಅವರ ವರದಿ, ನನ್ನ ತಪ್ಪೊಪ್ಪಿಗೆ, ಹೊಸದಾಗಿ ತುಂಬಿದ ನಮೂನೆ ಹಿಡಿದುಕೊಂಡು ನಿಮ್ಮ ಕಚೇರಿಗೆ ಬಂದೆ. ಈ ಸಲ ಇಪ್ಪತ್ತೇಳು 'ಹೌದು', ಇಪ್ಪತ್ತೇಳು ಹಾಳೆ. ಕಿಟಕಿಯಲ್ಲಿದ್ದ ಗುಮಾಸ್ತರು ಒಳ್ಳೆಯವರು, ಎಲ್ಲವನ್ನೂ ತಿರುವಿ ನೋಡಿದರು. "ಮೇಡಂ, ಒಂದ್ಸಲ ಕೊಟ್ಟ ನಮೂನೆ ಮೂರು ವರ್ಷ ತಿದ್ದೋ ಹಾಗಿಲ್ಲ. ಈ ಆಸ್ಪತ್ರೆ ನಮ್ಮ ಪಟ್ಟಿಯಲ್ಲೂ ಇಲ್ಲ."

"ನಾನೇ ಸುಳ್ಳು ಬರೆದಿದ್ದೆ ಅಂತ ಹೇಳ್ತಿದೀನಲ್ಲ?"

"ಅದು ಅರ್ಥವಾಯ್ತು. ಆದ್ರೆ ತಪ್ಪಾಯ್ತು ಅಂತ ಹೇಳೋದಕ್ಕೆ ನಮ್ಮಲ್ಲಿ ಯಾವ ಫಾರಮ್ಮೂ ಇಲ್ವಲ್ಲ ಮೇಡಂ."

ಅಂಥ ಫಾರಂ ಮಾಡಿದರೆ ಮೊದಲು ಯಾರು ತುಂಬಬೇಕಾಗುತ್ತದೆ ಎಂಬ ಹೆದರಿಕೆಯೇ? ಐದು ಸಲ ಬಂದೆ. ಐದನೆಯ ಸಲ ನೀವೇ ಕಾರಿಡಾರಿನಲ್ಲಿ ಸಿಕ್ಕಿದಿರಿ. ನಿಮಗೆ ನೆನಪಿರಲಾರದು, ಎರಡು ಕೋಣೆಗಳ ನಡುವೆ, ಫೋನನ್ನು ಹೆಗಲಿನಿಂದ ಕಿವಿಗೆ ಒತ್ತಿಕೊಂಡು ನಡೆಯುತ್ತಿದ್ದಿರಿ. "ಈಗಿನ ಅಮ್ಮಂದಿರಿಗೆ ಎಲ್ಲದಕ್ಕೂ ಒಂದು ಹೆಸರು ಬೇಕು ಮೇಡಂ. ಮೊಬೈಲ್ ನೋಡ್ಕೊಂಡು ಬರ್ತಾರೆ. ಇಷ್ಟು ಚಿಕ್ಕ ಮಗುಗೆ ಯಾಕೆ ಹಣೆಪಟ್ಟಿ ಕಟ್ತೀರಿ? ಬೆಳೀತಾ ಬೆಳೀತಾ ಸರಿಯಾಗ್ತಾಳೆ" ಎಂದಿರಿ. ಎಷ್ಟು ಮೃದುವಾಗಿ ಹೇಳಿದಿರೆಂದರೆ ನಾನು ಥ್ಯಾಂಕ್ಸ್ ಹೇಳಿ ಬಂದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಮೈ ಉರಿಯಿತು.

ಹಣೆಪಟ್ಟಿ ಬೇಡ ಎನ್ನುತ್ತೀರಿ. ಅವಳ ಹಣೆಯಲ್ಲಿ ಖಾಲಿ ಜಾಗ ಎಲ್ಲಿತ್ತು ಸ್ವಾಮಿ? ಮನೆಯಲ್ಲಿ ಹಠಮಾರಿ. ಅವಳ ದೊಡ್ಡಮ್ಮನ ಬಾಯಲ್ಲಿ ಸೊಕ್ಕಿನವಳು. ಜೊತೆಯ ಮಕ್ಕಳಿಗೆ ಮಂಕು. ನಮಗೆ ಗೊಂಬೆ. ನಿಮ್ಮ ಪತ್ರದಲ್ಲಿ ಗಮನ ಕೊಡಬಾರದ ಮಗು. ನೀನು ಎಂಥವಳು ಎಂದು ವೈದ್ಯೆ ಅವಳನ್ನೇ ಕೇಳಿದಾಗ "ನಾನು ಕೆಟ್ಟವಳು, ಆದರೆ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ" ಎಂದಿದ್ದಳಂತೆ. ಇಷ್ಟು ಹೆಸರುಗಳ ನಡುವೆ ಅವಳಿಗೆ ಒಂದಿಷ್ಟು ನೆಮ್ಮದಿ ಕೊಡಬಲ್ಲ ಒಂದೇ ಒಂದು ಹೆಸರಿತ್ತು, ಅದೂ ನಿಜವಾದದ್ದು. ಅದೊಂದೇ ನಿಮಗೆ ಭಾರವಾಯಿತೇ? ಬೆಳೆಯುತ್ತಾ ಸರಿಯಾಗುತ್ತಾಳೆ ಎಂಬ ಮಾತಿಗೆ ಆಧಾರವೇನು? ಅವಳು ಬೆಳೆಯುತ್ತಾ ಇನ್ನೂ ಚೆನ್ನಾಗಿ ಮುಚ್ಚಿಡುವುದನ್ನು ಕಲಿಯಬಹುದು. ಆಗ ನಮಗೆಲ್ಲ ಸರಿಹೋದಂತೆ ಕಾಣುತ್ತದೆ.

ಈಗ ಶಾಲೆಯಲ್ಲಿ ನಮ್ಮ ಕೈಲಾದದ್ದು ಮಾಡಿದ್ದೇವೆ, ದೊಡ್ಡದೇನಲ್ಲ. ಕರೆಂಟಿನ ಬೆಲ್ಲಿನ ಸದ್ದನ್ನು ಎಲೆಕ್ಟ್ರಿಷಿಯನ್ ಅರ್ಧಕ್ಕಿಳಿಸಿಕೊಟ್ಟ. ಊಟದ ಹೊತ್ತಿಗೆ ಅವಳು ಪುಸ್ತಕದ ಕೋಣೆಯಲ್ಲಿ ಕೂರುತ್ತಾಳೆ, ಒಮ್ಮೊಮ್ಮೆ ಪಕ್ಕದ ಬೆಂಚಿನವಳೂ ಜೊತೆಗೆ ಹೋಗುತ್ತಾಳೆ. ನಾಳೆ ಏನೇನು ಇರುತ್ತದೆ ಎಂಬುದನ್ನು ಹಿಂದಿನ ದಿನವೇ ಬೋರ್ಡಿನ ಮೂಲೆಯಲ್ಲಿ ಬರೆಯುತ್ತೇನೆ; ಅದರಿಂದ ನಲವತ್ತಾರು ಮಕ್ಕಳಿಗೂ ಉಪಕಾರವಾಗಿದೆ. ಮನೆಯಲ್ಲಿ ಕಿರುಚಾಟ ವಾರಕ್ಕೆ ಒಂದೆರಡಕ್ಕೆ ಬಂದಿದೆಯಂತೆ. ತಾಯಿ ಈಗ ಬಾಗಿಲು ಹಾಕುವುದಿಲ್ಲ. ಮಂಚದ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿರುತ್ತಾರಂತೆ.

ಆದರೆ ಇನ್ನು ಏಳು ವಾರಕ್ಕೆ ಅವಳು ನಮ್ಮ ಶಾಲೆ ಬಿಡುತ್ತಾಳೆ. ಐದನೇ ತರಗತಿಗೆ ದೊಡ್ಡ ಶಾಲೆ, ಎಂಟುನೂರು ಮಕ್ಕಳು, ಗಂಟೆಗೊಬ್ಬ ಹೊಸ ಟೀಚರ್. ಅವರಿಗೆ ಅವಳ ಬಗ್ಗೆ ಹೇಳಲು ಹೋದೆ. ನಿಮ್ಮ ಕಚೇರಿಯ ಕಾಗದ ತಂದರೆ ಮಾತ್ರ ಮುಂದಿನ ಮಾತು ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಅದು ನಿಮ್ಮದೇ ನಿಯಮ. ಅವರ ಬಳಿ ಈಗ ಇರುವುದು ನಾನು ಬರೆದ ಅಂಕಪಟ್ಟಿ, ನಿಮ್ಮ ಮುಕ್ತಾಯದ ಪತ್ರ. ಎರಡೂ ಅವಳಿಗೆ ಏನೂ ಆಗಿಲ್ಲ ಎಂದೇ ಹೇಳುತ್ತವೆ. ಮೂರು ವರ್ಷ ಕಾಯಿರಿ ಎನ್ನುತ್ತೀರಿ. ನಿಮ್ಮ ಕಡತ ಕಪಾಟಿನಲ್ಲಿ ಹಾಯಾಗಿ ಕಾಯುತ್ತದೆ. ಹುಡುಗಿ ದಿನಾ ಬೆಳಿಗ್ಗೆ ಎದ್ದು ಶಾಲೆಗೆ ಹೋಗಬೇಕು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ: ಏಳು ವಾರ ಮುಗಿಯುವ ಮೊದಲು ಆ ಕಡತವನ್ನು ತೆರೆಯಿರಿ. ನನ್ನ ಮೊದಲ ನಮೂನೆಯನ್ನು ರದ್ದು ಮಾಡಿ; ಸುಳ್ಳು ಬರೆದದ್ದಕ್ಕೆ ನನ್ನ ಮೇಲೆ ಏನು ಕ್ರಮ ಬೇಕಾದರೂ ತೆಗೆದುಕೊಳ್ಳಿ, ಸಹಿ ಮಾಡಿ ಪಡೆಯುತ್ತೇನೆ. ನಿಮ್ಮ ಪಟ್ಟಿಯಲ್ಲಿರುವ ಯಾರಿಂದಲಾದರೂ ಅವಳನ್ನು ಮತ್ತೆ ಪರೀಕ್ಷಿಸಿ, ಆದರೆ ಗಡಿಯಾರ ನೋಡದವರು ಬೇಕು. ಮನೆಗೂ ಶಾಲೆಗೂ ತಾಳೆಯಿಲ್ಲ ಎಂಬ ಕಾರಣಕ್ಕೆ ಮುಚ್ಚಿದ ಕಡತಗಳು ನಿಮ್ಮಲ್ಲಿ ಇನ್ನೆಷ್ಟಿವೆಯೋ, ಅವನ್ನೂ ತೆಗೆದು ನೋಡಿ. ಒಂದೊಂದರೊಳಗೂ ಒಂದು ಮಗು ಇದೆ; ಗಲಾಟೆ ಮಾಡುವುದಿಲ್ಲವಾದ್ದರಿಂದ ನಿಮಗೆ ಕೇಳಿಸುತ್ತಿಲ್ಲ.

ಕಳೆದ ಮಂಗಳವಾರ ಗುಂಪಿನಲ್ಲಿ ಹಾಡುವ ಅಭ್ಯಾಸವಿತ್ತು. ಎಲ್ಲರೂ ಸಾಲಾಗಿ ನಿಂತಿದ್ದಾಗ ಹುಡುಗಿ ಸಾಲು ಬಿಟ್ಟು ನನ್ನ ಮೇಜಿನ ಬಳಿ ಬಂದಳು. ನನ್ನ ಮುಖ ನೋಡಲಿಲ್ಲ, ನಗಲಿಲ್ಲ. "ಮಿಸ್, ಇವತ್ತು ನನ್ನ ಕೈಲಿ ಆಗಲ್ಲ" ಎಂದಳು. ಎರಡು ವರ್ಷದಲ್ಲಿ ಅವಳು ನನಗೆ ಹೇಳಿದ ಮೊದಲ ನಿಜವಾದ ಮಾತು ಅದು. "ಆಯ್ತು ಮಗಳೇ, ಹೋಗು" ಎಂದೆ. ಹೋದಳು. ದೊಡ್ಡ ಶಾಲೆಯಲ್ಲಿ ಅವಳು ಇದೇ ಮಾತನ್ನು ಇನ್ನೊಬ್ಬರ ಮುಂದೆ ಹೇಳುವ ಧೈರ್ಯ ಮಾಡಿದಾಗ, ಅವರು ಅದನ್ನು ನಂಬಬೇಕು. ಅದಕ್ಕೆ ಬೇಕಾಗಿರುವುದು ಒಂದು ಕಾಗದ, ನಿಮ್ಮ ಒಂದು ಸಹಿ.

ಇಂತಿ,
ಈ ಪತ್ರಕ್ಕೆ ಉತ್ತರವಾಗಿ ಹುಡುಗಿಯ ಕಾಗದಕ್ಕಿಂತ ಮೊದಲು ತನಗೆ ನೋಟಿಸು ಬರುತ್ತದೆಂದು ಬಲ್ಲ,
ಆದರೂ ದಿನಾ ಟಪಾಲಿನ ದಾರಿ ಕಾಯುವ
ನಾಲ್ಕನೇ ತರಗತಿಯ ಟೀಚರ್